ಕಡಲು ಬಲಗಡೆಗಿದ್ದ ಊರಿನಲ್ಲಿ

ಮಂಗಳೂರಿನಲ್ಲಿ ವಿಮಾನ ಹತ್ತುವಾಗ ನನ್ನ ಸಾಮಾನಿನಲ್ಲಿ ಐದು ಕಿಲೋ ಕುಚ್ಚಲಕ್ಕಿ, ಒಂದು ಡಬ್ಬ ಮಾವಿನಮಿಡಿ ಉಪ್ಪಿನಕಾಯಿ ಮತ್ತು ಮೂವತ್ತು ವರ್ಷ ನನ್ನ ಕುತ್ತಿಗೆಯಲ್ಲಿ ನೇತಾಡಿದ ವಿಸಿಲ್ ಇದ್ದವು. ರಿಟೈರಾದ ಪಿ.ಟಿ. ಮಾಸ್ಟ್ರಿಗೆ ಬಹರೈನಿನಲ್ಲಿ ಏನು ಕೆಲಸ ಎಂದು ಪಕ್ಕದ ಸೀಟಿನವರು ಕೇಳಿದರು. ಓಡುವುದಕ್ಕೆ ಒಳ್ಳೆಯ ದಾರಿ ಹುಡುಕುವ ಕೆಲಸ ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ಆ ದಾರಿಯಲ್ಲಿ ಓಡಬೇಕಾದವರ ಎದೆಯಲ್ಲಿ ಸ್ಟೆಂಟ್ ಇತ್ತು.

ಓಡಬೇಕಾದವರು ನನ್ನ ತಂಗಿ ವಸಂತಿಯ ಗಂಡ ಜಗದೀಶ. ಹಡಗು ಸರಕಿನ ಕಂಪನಿಯೊಂದರಲ್ಲಿ ಮ್ಯಾನೇಜರು. ವಸಂತಿ ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸು. ಇಬ್ಬರೂ ಇಪ್ಪತ್ತು ವರ್ಷಗಳಿಂದ ಮಾಹೂಝಿನ ಒಂದು ಫ್ಲಾಟಿನಲ್ಲಿ ಇದ್ದಾರೆ. ಹದಿನಾಲ್ಕು ತಿಂಗಳ ಹಿಂದೆ ಜಗದೀಶ ಭಾವನಿಗೆ ಹೃದಯಾಘಾತವಾಯಿತು. ಈಗ ಮೆಲ್ಲನೆ ಓಡಬಹುದು, ಓಡಬೇಕು ಎಂದು ಡಾಕ್ಟರು ಹೇಳಿ ನಾಲ್ಕು ತಿಂಗಳಾದರೂ ಅವರು ಲಿಫ್ಟಿನಿಂದ ಕಾರಿಗೆ, ಕಾರಿನಿಂದ ಲಿಫ್ಟಿಗೆ ಬಿಟ್ಟರೆ ಹೆಜ್ಜೆ ಹಾಕಿರಲಿಲ್ಲ. ಹೆಂಡತಿ ಹೇಳಿದರೆ ಕಿರಿಕಿರಿ, ಮಾಸ್ಟ್ರು ಹೇಳಿದರೆ ಕೇಳಿಯಾರು ಎಂದು ವಸಂತಿ ನನ್ನನ್ನು ಕರೆಸಿದಳು. ಗುಡ್ಡ ಇರಲಿ, ಕಡಲು ಇರಲಿ, ಕಣ್ಣಿಗೆ ಚಂದ ಇದ್ದರೆ ಅವರಿಗೂ ಓಡುವ ಆಸೆ ಹುಟ್ಟೀತು ಎಂಬುದು ಅವಳ ಲೆಕ್ಕ.

ನಾಲ್ಕು ಗಂಟೆಯ ಪ್ರಯಾಣ. ಇಳಿದಾಗ ಗಾಳಿ ತಣ್ಣಗಿತ್ತು. ಫೆಬ್ರವರಿಯಲ್ಲಿ ಇಲ್ಲಿ ಬೆಳಗ್ಗೆ ಹದಿನಾಲ್ಕು ಡಿಗ್ರಿಗೆ ಇಳಿಯುತ್ತದೆಂದು ಸ್ವೆಟರ್ ತಂದಿದ್ದೆ. ರಾತ್ರಿ ಊಟಕ್ಕೆ ಅಂಜಲ್ ಮೀನಿನ ಸಾರು. ಎಲೆಯಷ್ಟು ತೆಳ್ಳಗಿದ್ದ ಭಾವ ಈಗ ಹೊಟ್ಟೆ ಬಿಟ್ಟಿದ್ದರು. ತಟ್ಟೆ ನೋಡಿಕೊಂಡೇ ಉಂಡರು.

ಊಟವಾದ ಮೇಲೆ ವಸಂತಿ ಅಡುಗೆಮನೆಗೆ ಕರೆದು ಮಾತ್ರೆಯ ಒಂದು ಸ್ಟ್ರಿಪ್ಪನ್ನು ನನ್ನ ಕೈಗಿಟ್ಟಳು. ಎದೆ ಹಿಡಿದರೆ ತಕ್ಷಣ ನಾಲಿಗೆಯ ಅಡಿ ಇಡಬೇಕಾದ ಮಾತ್ರೆ. ಭಾವನಿಗೆ ತಂದ ಹೊಸ ಓಟದ ಚಡ್ಡಿಗೆ ಕಿಸೆ ಇರಲಿಲ್ಲ.

"ಅಣ್ಣ, ಇದು ನಿಮ್ಮ ಹತ್ರ ಇರ್ಲಿ. ಅವರನ್ನು ಕಣ್ಣಿಂದ ಮರೆ ಮಾಡ್ಬೇಡಿ," ಎಂದಳು.

ಸಾವಿರ ಮಕ್ಕಳನ್ನು ಬಿಸಿಲಿನಲ್ಲಿ ಓಡಿಸಿದವನು ನಾನು. ಮಾತ್ರೆಯ ಒಂದು ಸ್ಟ್ರಿಪ್ ಅಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ. ಮಲಗುವಾಗಲೂ ಅದನ್ನು ದಿಂಬಿನಡಿ ಇಟ್ಟುಕೊಂಡೆ.

ಮರುದಿನ ಗುರುವಾರ ಸಂಜೆ ಗುಡ್ಡ ನೋಡಲು ಹೋದೆವು. ಈ ದೇಶಕ್ಕೆಲ್ಲ ದೊಡ್ಡದು ಜಬಲ್ ದುಖಾನ್, ಹೊಗೆಯ ಬೆಟ್ಟ. ಎತ್ತರ ನೂರಮೂವತ್ತು ಚಿಲ್ಲರೆ ಮೀಟರ್. ನಮ್ಮಲ್ಲಾದರೆ ಅದಕ್ಕೆ ಹೆಸರೂ ಇಡುತ್ತಿರಲಿಲ್ಲ ಎಂದು ಕಾರಿನಲ್ಲಿ ತಮಾಷೆ ಮಾಡಿದೆ. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಹತ್ತಿರ ಹೋದ ಮೇಲೆ ನೆನಪಾಯಿತು. ಸುತ್ತ ಎಣ್ಣೆಬಾವಿಗಳ ಪಂಪುಗಳ ತಲೆಗಳು ಮೇಲೆ ಕೆಳಗೆ ಆಡುತ್ತಿದ್ದವು, ಕೊಳವೆಗಳು ನೆಲದ ಮೇಲೆಯೇ ಹರಡಿದ್ದವು, ಕಾಲಿಟ್ಟಲ್ಲೆಲ್ಲ ಸಡಿಲ ಕಲ್ಲು. ಇನ್ನೂರು ಹೆಜ್ಜೆ ಹತ್ತಿದಾಗ ಭಾವ ನಿಂತರು. ಒಂದು ಕೈ ಎದೆಯ ಮೇಲಿತ್ತು. ನನ್ನ ಕೈ ಕಿಸೆಗೆ ಹೋಯಿತು. ನಾಡಿ ಹಿಡಿದರೆ ನೂರ ನಾಲ್ಕು. ಡಾಕ್ಟರು ಹಾಕಿದ ಗೆರೆ ನೂರ ಇಪ್ಪತ್ತು. ಏನೂ ಆಗಿರಲಿಲ್ಲ, ಅವರಿಗೆ ಹೆದರಿಕೆ ಅಷ್ಟೇ. ದೂರದಲ್ಲಿ ಮೂರು ಬೀಡಾಡಿ ನಾಯಿಗಳು ನಮ್ಮನ್ನೇ ನೋಡುತ್ತ ನಿಂತಿದ್ದವು. ಗುಡ್ಡ ಬೇಡ ಎಂದು ತೀರ್ಮಾನಿಸಿ ಇಳಿದೆವು.

ಶುಕ್ರವಾರ ರಜೆ. ಬೆಳಗಾಗುವ ಮೊದಲೇ ಪೂರ್ವದ ಕರಾವಳಿಗೆ ಹೊರಟೆವು. ಅಸ್ಕರ್ ದಾಟಿ ಇನ್ನೂ ತೆಂಕಕ್ಕೆ, ಮನೆಯಿಂದ ಇಪ್ಪತ್ತೈದು ಕಿಲೋಮೀಟರಿನಷ್ಟು. ದಾರಿಯಲ್ಲಿ ಒಂದು ಕೋಲ್ಡ್ ಸ್ಟೋರಿನಲ್ಲಿ, ಇಲ್ಲಿ ಮೂಲೆಯ ದಿನಸಿ ಅಂಗಡಿಗೆ ಅದೇ ಹೆಸರು, ನೂರೈವತ್ತು ಫಿಲ್ಸಿಗೆ ಏಲಕ್ಕಿ ಹಾಕಿದ ಕಡಕ್ ಚಹಾ ಕುಡಿದೆವು. ಕಾರು ನಿಲ್ಲಿಸಿದ ಕಡೆ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ತಗ್ಗಾದ ಕಲ್ಲುದಿಬ್ಬ. ನೀರು ಇಳಿದು ಹೋಗಿ ನೆಲ ಬೂದು ಬಣ್ಣದಲ್ಲಿ ಗಟ್ಟಿಯಾಗಿತ್ತು. ಇಂಥ ದಾರಿಗೇ ನಾನು ಬಂದದ್ದು ಎನಿಸಿತು.

ದಡದಲ್ಲಿ ಒಬ್ಬ ಮುದುಕ ಮೀನುಗಾರ ಮೀನು ಹಿಡಿಯುವ ತಂತಿಯ ಗೂಡನ್ನು ಸರಿಮಾಡುತ್ತಿದ್ದ. ಇಲ್ಲಿಯವನೇ, ಆದರೆ ಹಿಂದಿ ಬರುತ್ತಿತ್ತು. ಸಲಾಂ ಹೇಳಿದಾಗ ನೀರಿನ ಕಡೆ ಗದ್ದ ಚಾಚಿ, ಇನ್ನು ಸ್ವಲ್ಪ ಹೊತ್ತಿಗೆ ಮಂಜು ಬರುತ್ತದೆ, ಕಾರಿನಿಂದ ದೂರ ಹೋಗಬೇಡಿ ಎಂದ. ನಾವೂ ಕಡಲ ಬದಿಯವರೇ ಎಂದು ನಾನು ದೊಡ್ಡಸ್ತಿಕೆ ಆಡಿದೆ. ಅವನು ಗೂಡಿನ ಕಡೆ ತಿರುಗಿಕೊಂಡ.

ಆಮೇಲೆ ಮಾಡಿದ್ದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ದಿಬ್ಬದ ಮೇಲೆ ಹತ್ತಿ ಕಡಲಿಗೆ ಇಳಿಯುವ ಸುತ್ತುದಾರಿ ಮಾಡಿದರೆ ಗುಡ್ಡ, ಕಡಲು ಎರಡೂ ಒಂದೇ ಓಟದಲ್ಲಿ ಸಿಗುತ್ತವೆ ಎಂದು ಹುರುಪು ಬಂತು. ನೀವು ದಡದಲ್ಲಿ ಬಡಗು ದಿಕ್ಕಿಗೆ ಮೆಲ್ಲಗೆ ಹೋಗುತ್ತಿರಿ, ನಾನು ದಿಬ್ಬ ನೋಡಿ ಬಂದು ಸೇರಿಕೊಳ್ಳುತ್ತೇನೆ ಎಂದೆ. ಉದ್ದ ವಿಸಿಲ್ ಊದಿದರೆ ಇದ್ದಲ್ಲೇ ನಿಲ್ಲಬೇಕು, ಎರಡು ಸಲ ಗಿಡ್ಡ ಊದಿದರೆ ಬರಬೇಕು. ನನ್ನ ಶಾಲೆಯ ನಿಯಮ. ಭಾವ ತಲೆಯಾಡಿಸಿ ಹೊರಟರು. ಮಾತ್ರೆ ನನ್ನ ಕಿಸೆಯಲ್ಲಿತ್ತು. ಅದು ನನಗೆ ನೆನಪಾದದ್ದು ದಿಬ್ಬದ ತುದಿಯಲ್ಲಿ, ತಿರುಗಿ ನೋಡಿದಾಗ ಕಡಲೂ ಇಲ್ಲ, ಕಾರೂ ಇಲ್ಲ, ಭಾವನೂ ಇಲ್ಲ ಎಂದು ಕಂಡಾಗ.

ಮಂಜು ಹಾಲು ಚೆಲ್ಲಿದ ಹಾಗೆ ಬಂದಿತ್ತು. ಬಿದ್ದೆನೋ ಎದ್ದೆನೋ ಎಂದು ಇಳಿದೆ. ನಮ್ಮ ಊರಿನ ಕಡಲಾದರೆ ಮೈಲಿ ದೂರಕ್ಕೆ ಮೊರೆತ ಕೇಳುತ್ತದೆ. ಇಲ್ಲಿ ಷೂ ಒದ್ದೆಯಾದ ಮೇಲೆಯೇ ನೀರು ಸಿಕ್ಕಿತೆಂದು ಗೊತ್ತಾಯಿತು. ಭಾವ ಹೋದದ್ದು ಬಡಗಿಗೆ. ಬಡಗಿಗೆ ಹೋಗಬೇಕಾದರೆ ಕಡಲು ಎಡಗಡೆಗೆ ಇರಬೇಕು. ಇದನ್ನು ನಾನು ಯೋಚಿಸಲೂ ಇಲ್ಲ. ಹುಟ್ಟಿದಾರಭ್ಯ ಕಾಲಿಗೆ ಗೊತ್ತಿರುವ ಸಂಗತಿ. ಕಡಲನ್ನು ಎಡಕ್ಕೆ ಹಾಕಿಕೊಂಡು ಓಡಿದೆ.

ಐವತ್ತೊಂಬತ್ತರ ವಯಸ್ಸಿನಲ್ಲಿ ಅಷ್ಟು ಜೋರಾಗಿ ನಾನು ಓಡಿದ್ದಿಲ್ಲ. ಕರೆದೆ, ಉತ್ತರ ಇಲ್ಲ. ನೆಲದ ಮೇಲೆ ಕಪ್ಪಗೆ ಏನಾದರೂ ಕಂಡರೆ ಭಾವನೇ ಬಿದ್ದಿದ್ದಾರೆ ಎಂದು ಬಗ್ಗಿ ನೋಡುತ್ತಿದ್ದೆ. ಒಂದು ಟಯರು, ಒಂದು ಹರಿದ ಬಲೆ, ಪಾಚಿಯ ರಾಶಿ. ನನ್ನ ಫೋನಿಗೆ ಇಲ್ಲಿನ ಸಿಮ್ ಹಾಕಿಸಿರಲಿಲ್ಲ. ವಸಂತಿಗೆ ಏನು ಹೇಳುವುದು ಎಂಬ ಮಾತು ಓಡುವ ಕಾಲಿಗೆ ತಾಳ ಹಾಕುತ್ತಿತ್ತು. ಅವಳ ಮದುವೆಗೆ ಗಂಡು ನೋಡಿ ಒಪ್ಪಿಸಿದವನೂ ನಾನೇ.

ಹದಿನೈದು ನಿಮಿಷ ಕಳೆದಿರಬೇಕು. ಕಡಲಿನ ಮೇಲೆ ಮಂಜು ತುಸು ತೆಳುವಾಗಿ ಒಂದು ಬಿಳಿಯ ಬಿಲ್ಲೆ ಕಾಣಿಸಿತು. ಸೂರ್ಯ. ಆಗಲೇ ಮುಳುಗುತ್ತಿದ್ದಾನಲ್ಲ ಎಂದು ಒಂದು ಗಳಿಗೆ ನಿಜವಾಗಿಯೂ ಅನಿಸಿತು. ಕಡಲಿನಲ್ಲಿ ಸೂರ್ಯ ಮುಳುಗುವುದನ್ನು ಬಿಟ್ಟರೆ ಬೇರೆ ನೋಡಿದವನಲ್ಲ ನಾನು. ಬಿಲ್ಲೆ ಮೇಲೇರುತ್ತಿತ್ತು. ಇದು ಮೂಡಣದ ಕಡಲು. ಕಡಲು ಎಡಕ್ಕಿದ್ದರೆ ನಾನು ಓಡಿದ್ದು ತೆಂಕಕ್ಕೆ. ಹದಿನೈದು ನಿಮಿಷವೂ ಮಾತ್ರೆಯನ್ನು ಭಾವನಿಂದ ದೂರ ದೂರಕ್ಕೆ ಒಯ್ದಿದ್ದೆ.

ತಿರುಗಿ ಓಡುತ್ತ ವಿಸಿಲ್ ಬಾಯಿಗಿಟ್ಟು ಉದ್ದಕ್ಕೆ ಊದಿದೆ. ಇದ್ದಲ್ಲೇ ನಿಲ್ಲಿ ಎಂದು. ಊದುತ್ತ ಓಡಿ, ಓಡುತ್ತ ಊದಿ, ಕಾರಿನ ಹತ್ತಿರಕ್ಕೆ ಬಂದಿರಬೇಕು, ಮಂಜಿನ ಒಳಗಿನಿಂದ ಹೆಜ್ಜೆಯ ಸದ್ದು ಕೇಳಿಸಿತು. ನಡೆಯುವ ಹೆಜ್ಜೆಯಲ್ಲ. ಮೂವತ್ತು ವರ್ಷ ಕೇಳಿದ ಕಿವಿ ಇದು. ಯಾರೋ ಇದ್ದಬದ್ದ ಶಕ್ತಿ ಹಾಕಿ ಓಡುತ್ತಿದ್ದರು. ನಿಲ್ಲಿಸಲೆಂದು ಇನ್ನೂ ಜೋರಾಗಿ ಊದಿದೆ. ಹೆಜ್ಜೆ ಇನ್ನೂ ಜೋರಾಯಿತು. ಇನ್ನೊಮ್ಮೆ ಊದಿದೆ, ಇನ್ನೂ ಜೋರು. ಊದಿದರೆ ಅವರ ಎದೆ ಒಡೆದೀತು, ಊದದಿದ್ದರೆ ದಾರಿ ತಪ್ಪಿಯಾರು. ಅತ್ತ ದರಿ ಇತ್ತ ಪುಲಿ ಅನ್ನುವುದನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೆ, ಆವತ್ತು ಅದರ ನಡುವೆ ನಿಂತಿದ್ದೆ. ವಿಸಿಲನ್ನು ಬಾಯಿಯಿಂದ ತೆಗೆದೆ.

ಹೆಜ್ಜೆಯ ಸದ್ದು ನಿಂತಿತು.

ಬಿದ್ದರು ಎಂದುಕೊಂಡೆ. ಆಮೇಲೆ ಮಂಜಿನಿಂದ ಭಾವ ನಡೆದುಕೊಂಡು ಬಂದರು. ಮುಖ ಕೆಂಪು, ಅಂಗಿ ಬೆವರಿಗೆ ಒದ್ದೆಯಾಗಿತ್ತು.

"ಭಾವ, ಎಂತಾಯ್ತು? ಬಿದ್ರಾ?" ಎಂದು ಅವರೇ ನನ್ನನ್ನು ಕೇಳಿದರು.

ನಾನು ಮಾತ್ರೆಯ ಸ್ಟ್ರಿಪ್ ಹಿಡಿದು ಕೈ ಚಾಚಿದೆ. ಅವರು ಅದನ್ನು ತೆಗೆದುಕೊಳ್ಳದೆ ನನ್ನ ಮೊಣಕಾಲು, ತಲೆ ನೋಡಿದರು. ಅವರನ್ನು ಕಲ್ಲಿನ ಮೇಲೆ ಕೂರಿಸಿ ನಾಡಿ ಹಿಡಿದೆ. ನೂರ ನಲವತ್ತು. ಕಣ್ಣು ಗಡಿಯಾರದ ಮೇಲಿಟ್ಟು ಕಾದೆ. ನೂರ ಇಪ್ಪತ್ತಾರು. ನೂರ ಹತ್ತು. ಬಹಳ ಹೊತ್ತಿನ ಮೇಲೆ ತೊಂಬತ್ತೆರಡು. ಎದೆಯಲ್ಲಿ ನೋವಿಲ್ಲ ಎಂದರು. ನಂಬದೆ ಮತ್ತೆರಡು ಸಲ ಕೇಳಿದೆ.

"ಉದ್ದ ಊದಿದ್ದು ಕೇಳಲಿಲ್ವಾ? ನಿಲ್ಲಿ ಅಂತ ಹೇಳಿದ್ದಲ್ವಾ?"

"ಕೇಳಿತು," ಎಂದರು ಭಾವ. "ನಿಲ್ಲುವುದು ಹೇಗೆ ಮಾರಾಯ್ರೆ? ನೀವು ಅಷ್ಟು ಹೆದರಿ ಊದ್ತಾ ಇದ್ರಲ್ಲ."

ನಾನು ಎಲ್ಲೋ ಬಿದ್ದು ಕೈಕಾಲು ಮುರಿದುಕೊಂಡಿದ್ದೇನೆ ಎಂದು ಅವರು ಓಡಿ ಬಂದಿದ್ದರು. ಹದಿನಾಲ್ಕು ತಿಂಗಳಲ್ಲಿ ಮೊದಲ ಓಟ. ತಮ್ಮ ಎದೆಯ ನೆನಪು ಅವರಿಗೆ ಬಂದದ್ದು ನನ್ನ ಕೈಯಲ್ಲಿ ಮಾತ್ರೆ ಕಂಡ ಮೇಲೆ. ಆಮೇಲೆ ಅವರು ನನ್ನ ಮಣಿಕಟ್ಟು ಹಿಡಿದು ಎಣಿಸಿ, ನಿಮ್ಮದು ನನ್ನದಕ್ಕಿಂತ ಜೋರುಂಟು ಎಂದರು. ಮಂಜು ಹರಿದಾಗ ಕಾರು ನಮ್ಮಿಂದ ನೂರು ಮಾರು ದೂರದಲ್ಲಿತ್ತು. ಮೀನುಗಾರ ಅದೇ ಜಾಗದಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದ. ಅವನ ಮುಖ ನೋಡಲು ನನಗೆ ನಾಚಿಕೆಯಾಯಿತು.

ವಸಂತಿಗೆ ಹೇಳುವುದು ಬೇಡ ಎಂದು ಕಾರಿನಲ್ಲಿ ಮಾತಾಡಿಕೊಂಡೆವು. ಮನೆಯಲ್ಲಿ ಅವಳು ಮೊದಲು ಕೇಳಿದ್ದೇ ಮಾತ್ರೆ. ಕಿಸೆಯಿಂದ ತೆಗೆದುಕೊಟ್ಟೆ. ಸ್ಟ್ರಿಪ್ ಬೆವರಿನಲ್ಲಿ ಒದ್ದೆಯಾಗಿ ಮುದುಡಿತ್ತು. ನನ್ನ ಕೈ ಬಿಗಿದ ಗುರುತು ಅದರಲ್ಲಿತ್ತು. ಅವಳು ನರ್ಸು, ನೋಡಿದ ಕೂಡಲೇ ಅರ್ಥವಾಯಿತು. ಸುಳ್ಳು ಹೇಳಬೇಡಿ ಎಂದಳು. ಎಲ್ಲವನ್ನೂ ಹೇಳಿದೆ. ಬೈದಿದ್ದರೆ ಹಗುರವಾಗುತ್ತಿತ್ತು. ಕುರ್ಚಿಯಲ್ಲಿ ಕೂತು, "ವಾರ್ಡಿನಲ್ಲಿ ದಿನಾ ನಾನು ಇದನ್ನೇ ನೋಡುವುದು ಅಣ್ಣ," ಎಂದಷ್ಟೇ ಹೇಳಿ ಅತ್ತಳು. ಸಂಜೆ ಹಳೆಯ ಅಂಗಿಯ ಬಟ್ಟೆ ಕತ್ತರಿಸಿ ಗಂಡನ ಓಟದ ಚಡ್ಡಿಗೆ ಕಿಸೆ ಹೊಲಿದಳು. ಮಾತ್ರೆಯ ಹೊಸ ಸ್ಟ್ರಿಪ್ಪೊಂದನ್ನು ಅದರಲ್ಲಿಟ್ಟು ಗುಂಡಿ ಹಾಕಿದಳು.

ಕೊನೆಗೆ ನಾನು ಆರಿಸಿದ ದಾರಿ ಬುಸೈತೀನಿನ ಕಡಲಂಚು. ಗುಡ್ಡವಿಲ್ಲ, ಏರಿಳಿತವಿಲ್ಲ, ಸಾಲು ಮನೆಗಳು, ನಡೆಯಲು ಬರುವ ಜನ, ಎದುರು ದಡದಲ್ಲಿ ರಾಜಧಾನಿ ಮನಾಮಾದ ಎತ್ತರದ ಕಟ್ಟಡಗಳು. ಬಡಗಿಗೆ ಓಡಿದರೆ ಕಡಲು ಎಡಕ್ಕೆ, ದೇವರು ಇಡಬೇಕಾದ ಕಡೆಯೇ ಇದೆ. ವಿಮಾನ ನಿಲ್ದಾಣ ಹತ್ತಿರವಾದ್ದರಿಂದ ನಾನು ಹೊರಡುವ ದಿನ ಬೆಳಗ್ಗೆ ಮೂವರೂ ಅಲ್ಲಿ ನಿಂತೆವು. ನನ್ನ ಚೀಲ ಕಾರಿನಲ್ಲಿತ್ತು. ಭಾವ ಕಿಸೆ ಮುಟ್ಟಿ ನೋಡಿಕೊಂಡು ಓಡಲು ಶುರುಮಾಡಿದರು.

ಮೊದಲು ಅವರ ಉಸಿರು ಕೇಳಿಸುತ್ತಿತ್ತು, ಆಮೇಲೆ ಹೆಜ್ಜೆ ಮಾತ್ರ, ಆಮೇಲೆ ಅದೂ ಇಲ್ಲ. ವಸಂತಿ ನನ್ನ ತೋಳು ಹಿಡಿದಿದ್ದಳು. ಬೆಂಚುಗಳ ಆಚೆ ಅವರು ಚಿಕ್ಕದಾಗಿ ಕಾಣುವಾಗ ನನ್ನ ಕೈ ಕಿಸೆಗೆ ಹೋಯಿತು. ಕಿಸೆ ಖಾಲಿ. ವಿಸಿಲ್ ತಾನಾಗಿ ಬಾಯಿಗೆ ಬಂತು. ಊದಿದರೆ ಅವರು ನಿಲ್ಲುವವರಲ್ಲ, ಓಡಿ ಬರುತ್ತಾರೆ. ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡು ನಿಂತೆ.