ಡಾಕ್ಟರ ಪಕ್ಕದ ಕೋಣೆ

ಆ ವರ್ಷ ನನಗೆ ನಲವತ್ತು ತುಂಬಿತ್ತು. ಮದುವೆಯಾಗಿ ಮೈಸೂರಿನಿಂದ ಒಮಾನಿನ ಸೊಹಾರಿಗೆ ಬಂದು, ಮಗಳನ್ನು ಶಾಲೆಗೆ ಸೇರಿಸಿ, ಆಮೇಲೆ ಹಟ ಹಿಡಿದು ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್‌ಗೆ ಸೇರಿಕೊಂಡವಳು ನಾನು. ಓದು, ಬರವಣಿಗೆ ಎಲ್ಲ ಹೇಗೋ ಮುಗಿದಿತ್ತು. ಉಳಿದದ್ದು ಒಂದು ವರ್ಷದ ಆಸ್ಪತ್ರೆ ತರಬೇತಿ. ಅದೂ ಮಾನಸಿಕ ಆಸ್ಪತ್ರೆಯಲ್ಲಲ್ಲ. ಜ್ವರ, ಸಕ್ಕರೆ ಕಾಯಿಲೆ, ಬೆನ್ನುನೋವು ಅಂತ ಜನ ಬರುವ ಸಾಮಾನ್ಯ ಆಸ್ಪತ್ರೆಯಲ್ಲಿ, ಡಾಕ್ಟರುಗಳ ನಡುವೆಯೇ ಕೂತು ಕೆಲಸ ಮಾಡಬೇಕು. ಪಕ್ಕದೂರಾದ ಸಹಮ್‌ನ ಒಂದು ಸಣ್ಣ ಖಾಸಗಿ ಆಸ್ಪತ್ರೆ ನನ್ನನ್ನು ಒಪ್ಪಿಕೊಂಡಿತು.

ನನಗೆ ಕೊಟ್ಟದ್ದು ಹಿಂದೆ ಕೈಕಾಲು ಮುರಿದವರಿಗೆ ಪ್ಲಾಸ್ಟರ್ ಹಾಕುತ್ತಿದ್ದ ಕೋಣೆ. ಗೋಡೆಗೆ ದೊಡ್ಡ ಸಿಂಕು ಹಾಗೇ ಇತ್ತು. ಎಷ್ಟು ಒರೆಸಿದರೂ ಮೂಲೆಗಳಲ್ಲಿ ಬಿಳಿ ಪುಡಿ ಸಿಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಕರಾಚಿಯ ಕಡೆಯ ಹಿರಿಯ ಡಾಕ್ಟರು ಕೂರುತ್ತಿದ್ದರು. ಇಬ್ಬರ ನಡುವೆ ಒಂದು ಬಾಗಿಲು. ತಮ್ಮ ಪೇಷಂಟಿಗೆ ನನ್ನ ಅಗತ್ಯವಿದೆ ಅನ್ನಿಸಿದರೆ ಅವರು ಆ ಬಾಗಿಲು ತಟ್ಟಿ, ಪೇಷಂಟನ್ನು ಕೈಹಿಡಿದುಕೊಂಡೇ ಒಳಗೆ ಬರುತ್ತಿದ್ದರು. ಸಿಗುತ್ತಿದ್ದದ್ದು ಇಪ್ಪತ್ತು ನಿಮಿಷ. ಪುಸ್ತಕದಲ್ಲಿ ನಾವು ಓದಿದ್ದು ಒಂದು ಗಂಟೆಯ ಮಾತುಕತೆ.

ಮೊದಲ ತಿಂಗಳುಗಳು ದಣಿವಿನಲ್ಲೇ ಹೋದವು. ಬಂದವರಲ್ಲಿ ಅರ್ಧ ಜನ ಕೇಳುತ್ತಿದ್ದದ್ದು, "ಮಾತ್ರೆ ಕೊಡಲ್ವಾ?" ಅಂತ. ಕೊಡಲ್ಲ ಅಂದರೆ ಮುಖ ಇಳಿಯುತ್ತಿತ್ತು. ಅರಬ್ಬಿ ಮಾತ್ರ ಬಲ್ಲವರು ಬಂದರೆ ಕೇರಳದ ನರ್ಸಮ್ಮ ಅನುವಾದಕ್ಕೆ ನಿಲ್ಲುತ್ತಿದ್ದರು. ಒಬ್ಬ ಅಜ್ಜಿ ಕಣ್ಣೊರೆಸಿಕೊಳ್ಳುತ್ತ ಬಹಳ ಹೊತ್ತು ಏನೋ ಹೇಳಿದರು. ನಾನು ನರ್ಸಮ್ಮನ ಮುಖ ನೋಡಿದೆ. "ಮೊಣಕಾಲು ನೋವಂತೆ," ಅಂದರು ಅವರು. ಅವರಿಗೂ ಹೊರಗೆ ಇಂಜೆಕ್ಷನ್ನಿಗೆ ಸಾಲು ಕಾಯುತ್ತಿತ್ತು. ಮನೆಗೆ ಹೋಗುವಾಗ ಕರಾವಳಿಯ ಬಾತಿನಾ ಹೆದ್ದಾರಿಯಲ್ಲಿ ರೇಡಿಯೋ ಕೂಡ ಹಾಕುತ್ತಿರಲಿಲ್ಲ. ಇನ್ನೊಂದು ದನಿ ಕಿವಿಗೆ ಬಿದ್ದರೆ ಸಾಕಪ್ಪಾ ಅನ್ನಿಸುತ್ತಿತ್ತು. ಮನೆಯಲ್ಲಿ ಮಗಳು ಶಾಲೆಯ ವಿಷಯವನ್ನೆಲ್ಲ ಇಂಗ್ಲಿಷಿನಲ್ಲಿ ಒದರುತ್ತಿದ್ದಳು. ನಾನು ತಲೆಯಾಡಿಸುತ್ತ ಅಕ್ಕಿ ತೊಳೆಯುತ್ತಿದ್ದೆ.

ನನ್ನ ಮೇಲ್ವಿಚಾರಣೆಗೆ ಇದ್ದವರು ಒಮಾನಿನವರೇ ಆದ ಒಬ್ಬ ಮನಶ್ಶಾಸ್ತ್ರಜ್ಞೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ವಾರಕ್ಕೊಂದು ದಿನ ರುಸ್ತಾಕ್‌ನಿಂದ ಕಾರು ಓಡಿಸಿಕೊಂಡು ಬರುತ್ತಿದ್ದರು. ಪೇಷಂಟಿನ ಒಪ್ಪಿಗೆ ಪಡೆದು ನಾನು ಧ್ವನಿಮುದ್ರಣ ಮಾಡಿಟ್ಟ ಮಾತುಕತೆಯನ್ನು ಇಬ್ಬರೂ ಕೂತು ಕೇಳಬೇಕು. ನಾನು ಎಲ್ಲಿ ಏನಂದೆ, ಯಾಕಂದೆ ಅಂತ ಅವರು ಕೇಳುತ್ತಾ ಹೋಗುವರು. ದನಿ ಎತ್ತಿದವರಲ್ಲ. ಆದರೂ ಆ ದಿನ ನಾನು ಅರ್ಧ ಗಂಟೆ ಮೊದಲೇ ಆಸ್ಪತ್ರೆ ಮುಟ್ಟುತ್ತಿದ್ದೆ.

ಚಳಿಗಾಲ ಮುಗಿಯುತ್ತಿದ್ದ ಒಂದು ಭಾನುವಾರ ಡಾಕ್ಟರು ಬಾಗಿಲು ತಟ್ಟಿ, ಮೂವತ್ತೈದರ ಆಸುಪಾಸಿನ ಒಬ್ಬರನ್ನು ಕರೆತಂದರು. "ನಿಮ್ಮ ಕಡೆಯವರೇ. ಎದೆನೋವು ಅಂತ ಮತ್ತೆ ಮತ್ತೆ ಬರ್ತಾರೆ. ಇಸಿಜಿ, ರಕ್ತ ಪರೀಕ್ಷೆ, ಎಲ್ಲ ಸರಿಯಾಗಿದೆ. ಸ್ವಲ್ಪ ಮಾತಾಡಿಸಿ," ಅಂದರು.

ನಾನು ಕನ್ನಡದಲ್ಲಿ ಕೂತ್ಕೊಳ್ಳಿ ಅಂದ ಕೂಡಲೆ ಆತ ಗಾಬರಿಯಾದರು. ನನಗೂ ಗುರುತು ಸಿಕ್ಕಿತು. ಸೊಹಾರಿನ ಕನ್ನಡ ಕೂಟದಲ್ಲಿ ಕುರ್ಚಿ ಜೋಡಿಸುವುದರಿಂದ ಹಿಡಿದು ಮೈಕು ಸರಿಮಾಡುವ ತನಕ ಓಡಾಡುತ್ತಿದ್ದ ಬಾಗಲಕೋಟೆ ಕಡೆಯವರು. ಹತ್ತಿರದ ಒಂದು ಕಾರ್ಖಾನೆಯಲ್ಲಿ ಟೆಕ್ನಿಷಿಯನ್.

"ಏನಿಲ್ರಿ ಮೇಡಂ, ಗ್ಯಾಸ್ ಐತ್ರಿ. ಡಾಕ್ಟರ್ ಸುಮ್ನ ಕಳಿಸ್ಯಾರ," ಅಂದರು. ಎದ್ದು ಹೋಗುವವರಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ಇಲ್ಲಿ ಆಡಿದ ಮಾತು ಕೂಟಕ್ಕೆ ಬರಲ್ಲ. ನಮ್ಮ ಮನೆಯವರಿಗೂ ಹೇಳಲ್ಲ. ಹೊರಗಡೆ ಸಿಕ್ಕಾಗ ನೀವಾಗಿ ಮಾತಾಡಿಸಿದರೆ ಮಾತಾಡ್ತೀನಿ, ಇಲ್ಲದಿದ್ರೆ ಇಲ್ಲ," ಅಂದೆ.

ಆತ ಎದ್ದು ಹೋದರು. ಆದರೆ ಮುಂದಿನ ವಾರ ತಾವಾಗಿಯೇ ಬಂದರು.

ಪರಿಚಯದವರಿಗೆ ಚಿಕಿತ್ಸೆ ಕೊಡಬಾರದು ಅಂತ ನಾವೆಲ್ಲ ಓದಿದ್ದೇವೆ. ಮೇಲ್ವಿಚಾರಕಿಯನ್ನು ಕೇಳಿದೆ. "ಈ ಕರಾವಳಿಯಲ್ಲಿ ನಿಮ್ಮ ಭಾಷೆ ಬಲ್ಲ ಇನ್ನೊಬ್ಬರು ಇದ್ದಾರಾ?" ಅಂದರು. ನನಗೆ ತಿಳಿದ ಮಟ್ಟಿಗೆ ಇರಲಿಲ್ಲ. "ಹಾಗಿದ್ರೆ ಹುಷಾರಾಗಿ ಮುಂದುವರಿಸಿ. ಪ್ರತಿವಾರ ನನಗೆ ಹೇಳ್ತಾ ಇರಿ."

ವಿಷಯ ಚೂರುಚೂರಾಗಿ ಹೊರಬಂತು. ಕೆಲವು ತಿಂಗಳ ಹಿಂದೆ ಕಾರ್ಖಾನೆಯಲ್ಲಿ ಆತನ ಜೊತೆಗಿದ್ದ ಹಿರಿಯ ಒಮಾನಿ ಆಪರೇಟರ್ ನಿಂತಲ್ಲೇ ಕುಸಿದುಬಿದ್ದಿದ್ದರು. ದಿನಾ ಫ್ಲಾಸ್ಕಿನಲ್ಲಿ ಕಹ್ವಾ ಕಾಫಿ ತಂದು ಈತನಿಗೂ ಬಗ್ಗಿಸಿ ಕೊಡುತ್ತಿದ್ದ ಮನುಷ್ಯ. ಪ್ರಥಮ ಚಿಕಿತ್ಸೆಯ ತರಬೇತಿ ಪಡೆದವರು ಆ ಪಾಳಿಯಲ್ಲಿ ಈತ ಒಬ್ಬರೇ. ಆಂಬುಲೆನ್ಸ್ ಬರುವ ತನಕ ಎದೆ ಒತ್ತುತ್ತಲೇ ಇದ್ದರು. ಮನುಷ್ಯ ಉಳಿಯಲಿಲ್ಲ. ಕಂಪನಿಯವರು ಎಲ್ಲರ ಮುಂದೆ ಈತನನ್ನು ಹೊಗಳಿ ಒಂದು ಫಲಕ ಕೊಟ್ಟರು. ತೀರಿಹೋದವರ ಮಗ ಈತನ ಮನೆಗೆ ಬಂದು, ಇಲ್ಲಿನ ಗೌರವದ ರೂಢಿಯಂತೆ ಹಣೆಗೆ ಮುತ್ತಿಟ್ಟು, ತಮ್ಮ ತೋಟದ ಖರ್ಜೂರದ ಡಬ್ಬಿ ಕೊಟ್ಟು ಹೋದರು.

"ಆ ಡಬ್ಬಿ ಇನ್ನೂ ತಗದಿಲ್ರಿ. ಫ್ರಿಜ್‌ನಾಗ ಐತಿ. ನಾ ಫ್ರಿಜ್ ತಗಿಯೂದನ್ನ ಬಿಟ್ಟೀನಿ," ಅಂದರು.

ಅದಕ್ಕಿಂತ ಹೇಳಲಾಗದ ಮಾತು ಇನ್ನೊಂದಿತ್ತು. ಅದು ಹೊರಬರಲು ಮತ್ತೆ ಎರಡು ಮೂರು ಭೇಟಿ ಹಿಡಿಯಿತು. ಅವರ ಪುಟ್ಟ ಮಗಳಿಗೆ ಅಪ್ಪ ಎದೆ ತಟ್ಟಿದರೇನೇ ನಿದ್ದೆ. ಈತನಿಗೆ ಈಗ ಅವಳ ಎದೆಯ ಮೇಲೆ ಕೈಯಿಡಲು ಆಗುತ್ತಿರಲಿಲ್ಲ. "ಕೈ ಇಟ್ಟರ ಅಂಗೈ ಕೆಳಗ ಅದ ಬರತೈತ್ರಿ." ಅದು ಏನು ಅಂತ ಹೇಳಲಿಲ್ಲ. ಮಗಳು ಅತ್ತು ಅತ್ತು ಮಲಗುತ್ತಿದ್ದಳು. ಹೆಂಡತಿ, ಕೂಸಿನ ಮ್ಯಾಲೆ ಯಾಕ ಸಿಟ್ಟು ಅಂತ ಕೇಳಿ ಕೇಳಿ, ಆಮೇಲೆ ಮಾತೇ ಬಿಟ್ಟಿದ್ದಳು.

ಆ ವಾರ ಮೇಲ್ವಿಚಾರಕಿ ಈತನ ಧ್ವನಿಮುದ್ರಣ ಕೇಳಲು ಕೂತರು. ಕನ್ನಡ ಅವರಿಗೆ ಬರುವುದಿಲ್ಲ. ನಾನು ನಿಲ್ಲಿಸಿ ನಿಲ್ಲಿಸಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಒಂದು ಕಡೆ ಅವರೇ ಕೈಯೆತ್ತಿ ನಿಲ್ಲಿಸಿದರು.

"ಇಲ್ಲಿ ಒಂದು ಸದ್ದು ಬರುತ್ತಲ್ಲ, ಏನದು?"

"ನೀರು. ಅವರಿಗೆ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟೆ."

"ಹಿಂದಿನ ವಾರದ್ದರಲ್ಲೂ ಇದೇ ಸದ್ದಿತ್ತು. ಅವತ್ತೂ ಅವರ ದನಿ ಹೀಗೇ ಸಣ್ಣಗಾದಾಗ ಬಂತು." ನನ್ನ ಕಡೆ ತಿರುಗಿ, "ಅವರು ನೀರು ಕೇಳಿದ್ರಾ?" ಅಂದರು.

ಕೇಳಿರಲಿಲ್ಲ. ಆತ ಆ ಜಾಗಕ್ಕೆ ಬಂದಾಗಲೆಲ್ಲ ನಾನು ನೀರು ಕೊಡುತ್ತಿದ್ದೆ, ಆತ ಕುಡಿದು ಬೇರೆ ಮಾತಿಗೆ ಹೋಗುತ್ತಿದ್ದರು. ನನಗೇ ಅದನ್ನು ಕೇಳುವ ತ್ರಾಣ ಉಳಿದಿರಲಿಲ್ಲ ಅಂತ ಕಾಣುತ್ತೆ. ಆತ ಬರುವಷ್ಟರಲ್ಲಿ ಬೆಳಗ್ಗಿನಿಂದ ಎಷ್ಟೋ ಜನರ ಕತೆ ಕೇಳಿಯಾಗಿರುತ್ತಿತ್ತು. ಅದನ್ನೇ ಹೇಳಿದೆ. ಅವರು ಬೈಯಲಿಲ್ಲ. "ಮುಂದಿನ ಸಲ ಅವರ ಸಮಯವನ್ನು ಬೆಳಗ್ಗೆ ಮೊದಲನೆಯದಾಗಿ ಇಟ್ಟುಕೊಳ್ಳಿ. ಕೈ ತೊಡೆಯ ಮೇಲೇ ಇರಲಿ," ಅಂದರು.

ಹಾಗೇ ಮಾಡಿದೆ. ಮಾತು ಅಲ್ಲಿಗೆ ಬಂತು. ಆತನ ದನಿ ಸಣ್ಣಗಾಯಿತು, ನಾನು ನೀರಿಗೆ ಕೈ ಹಾಕಲಿಲ್ಲ.

"ಟ್ರೇನಿಂಗ್‌ನಾಗ ಗೊಂಬಿ ಮ್ಯಾಲೆ ಒತ್ತಿಸಿದ್ರು," ಅಂದರು ಕೊನೆಗೆ. "ಸರಿ ಒತ್ತಿದ್ರ ಗೊಂಬಿ ಟಕ್ ಅಂತಿತ್ತು. ಇದು ಹಂಗಲ್ರಿ. ಹಸಿ ಕಟಗಿ ಮುರದಂಗ. ಒಂದ್ಸಲ ಅಲ್ಲ, ಮತ್ತ ಮತ್ತ. ಕೈಯಾಗ ಗೊತ್ತಾತು, ಅವರ ಎಲುಬು ಮುರದ್ವು ಅಂತ. ಆದ್ರೂ ಬಿಡಲಿಲ್ಲ ನಾ, ಅದರ ಮ್ಯಾಲೇ ಒತ್ತಿದೆ." ತಮ್ಮ ಎರಡೂ ಅಂಗೈ ನೋಡಿಕೊಂಡರು. "ನಾನ ಕೊಂದ್ನೇನೋ ಅಂತ್ರಿ. ಅವರ ಮಗ ಬಂದು ಈ ಹಣಿಗೆ ಮುತ್ತು ಕೊಟ್ಟ. ನಾ ಹೇಳಲೇ ಇಲ್ಲ."

ಏನೋ ಒಂದು ಸಮಾಧಾನ ಹೇಳಬಹುದಿತ್ತು. ಆದರೆ ನಾನು ಎದೆ ಒತ್ತಿದವಳಲ್ಲ. ನನ್ನ ಬಾಯಿಂದ ಬಂದರೆ ಅದು ಬರೀ ಒಳ್ಳೆಯ ಮಾತಾಗುತ್ತಿತ್ತು. "ಪಕ್ಕದ ಡಾಕ್ಟರಿಗೆ ಇದು ಗೊತ್ತಿರುತ್ತೆ. ಅವರನ್ನು ಕರೀಲಾ? ನೀವು ಬೇಡ ಅಂದ್ರೆ ಕರೆಯಲ್ಲ," ಅಂದೆ. ಆತ ಹೂಂ ಅಂದರು.

ಆ ಬಾಗಿಲನ್ನು ನನ್ನ ಕಡೆಯಿಂದ ತಟ್ಟಿದ್ದು ಅದೇ ಮೊದಲು. ಡಾಕ್ಟರು ಬಂದು, ಆತ ತಮಗೆ ಬಂದಷ್ಟು ಹಿಂದಿಯಲ್ಲಿ ಹೇಳಿದ್ದನ್ನು ಸಿಂಕಿಗೆ ಒರಗಿ ನಿಂತು ಕೇಳಿಸಿಕೊಂಡರು. ಆಮೇಲೆ ಕುರ್ಚಿ ಎಳೆದುಕೊಂಡು ಆತನ ಎದುರು ಕೂತು ಉರ್ದುವಿನಲ್ಲಿ ನಿಧಾನವಾಗಿ ಹೇಳಿದರು. "ಭಾಯಿ, ಸರಿಯಾಗಿ ಒತ್ತಿದಾಗ ಎಲುಬು ಮುರಿಯೋದು ಮಾಮೂಲು. ನನ್ನ ಕೈಯಲ್ಲೂ ಮುರಿದಿವೆ, ಎಷ್ಟೋ ಸಲ. ಆ ಸದ್ದು ನನಗೂ ಗೊತ್ತು. ಅವರು ಬಿದ್ದಾಗಲೇ ಹೃದಯ ನಿಂತಿತ್ತು. ನೀವು ಒತ್ತಿದ್ದರಿಂದ ಹೋದದ್ದಲ್ಲ, ನಿಂತ ಮೇಲೆ ನೀವು ಒತ್ತಿದ್ದು."

"ನಿಮಗೂ ಕೇಳಿಸಿತ್ತಾ ಸಾಬ್?"

"ಮೊದಲನೇ ಸಲ ಕೇಳಿದಾಗ ಎರಡು ದಿನ ಊಟ ಮಾಡಲಿಲ್ಲ."

ಆತ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಯಾರೂ ಹೇಳಲಿಲ್ಲಲ್ರಿ ಇದನ್ನ. ಫಲಕ ಕೊಟ್ರು, ಹೇಳಲಿಲ್ಲ," ಅಂದರು. ಆಮೇಲೆ ಅತ್ತರು. ಡಾಕ್ಟರ ಹೊರಗಿನ ಸಾಲು ಬೆಳೆಯುತ್ತಿತ್ತು, ನರ್ಸಮ್ಮ ಎರಡು ಸಲ ಇಣುಕಿ ಹೋದರು. ಡಾಕ್ಟರು ಏಳಲಿಲ್ಲ.

ಅದೊಂದು ದಿನದಿಂದ ಎಲ್ಲ ಸರಿಹೋಗಲಿಲ್ಲ. ಎದೆ ಹಿಡಿದಂತಾಗುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ನಾವು ಸಣ್ಣ ಸಣ್ಣದರಿಂದ ಶುರು ಮಾಡಿದೆವು. ಮೊದಲು ದಿಂಬಿನ ಮೇಲೆ ಅಂಗೈ ಇಟ್ಟು ಕೂರುವುದು. ಆಮೇಲೆ ತಮ್ಮದೇ ಎದೆಯ ಮೇಲೆ. ಕೆಲವು ವಾರ ಬಂದು, "ಈ ವಾರ ಆಗಲಿಲ್ರಿ," ಅನ್ನುತ್ತಿದ್ದರು. ಆಗಲಿ ಬಿಡಿ ಅನ್ನುತ್ತಿದ್ದೆ. ಹೆಂಡತಿಗೆ ವಿಷಯ ಹೇಳಿದ್ದು ಮಾತ್ರ ಅವರೇ, ಯಾರೂ ಹೇಳಿಕೊಡದೆ.

ಇದರ ನಡುವೆ ಒಂದು ರಾತ್ರಿ ಊಟಕ್ಕೆ ಕೂತಾಗ, ಕೂಟದ ಪದಾಧಿಕಾರಿಯಾಗಿದ್ದ ನಮ್ಮ ಯಜಮಾನರು, "ಯುಗಾದಿ ಕಾರ್ಯಕ್ರಮದಲ್ಲಿ ನಮ್ಮ ಮೈಕ್ ಹುಡುಗನಿಗೆ ಶಾಲು ಹೊದಿಸಿ ಸನ್ಮಾನ ಮಾಡೋಣ ಅಂತ ತೀರ್ಮಾನ ಆಯ್ತು. ಫ್ಯಾಕ್ಟರೀಲಿ ಯಾರ ಜೀವಾನೋ ಉಳಿಸೋಕೆ ಹೋರಾಡಿದ್ನಂತೆ, ನಿನಗೆ ಗೊತ್ತಾ?" ಅಂದರು.

"ಸಾರು ಹಾಕ್ಲಾ?" ಅಂದೆ ನಾನು.

ಬೇಡ, ನಿಲ್ಲಿಸಿ ಅಂತ ಒಂದು ಮಾತು ಹೇಳಿಬಿಟ್ಟರೆ ಆಗುತ್ತಿತ್ತು. ಹೇಳುವ ಹಾಗಿಲ್ಲ. ಆತನ ಹತ್ತಿರ ನಾನಾಗಿ ಆ ಮಾತು ಎತ್ತುವ ಹಾಗೂ ಇಲ್ಲ. ನಿದ್ದೆಗೆಟ್ಟು ವಾರ ಕಳೆದೆ. ಪುಣ್ಯಕ್ಕೆ ಆತನೇ ಹೇಳಿದರು, "ಶಾಲು ಹೊಚ್ಚತಾರಂತ್ರಿ ನನಗ."

"ನಿಮಗೆ ಬೇಕಾ?"

"ಬ್ಯಾಡ್ರಿ. ಆದ್ರ ಹೆಂಗ ಹೇಳೂದು, ಪ್ರೀತಿಲೆ ಮಾಡ್ತಾರ."

ಹೇಗೆ ಹೇಳುವುದು ಅಂತ ಇಬ್ಬರೂ ಕೂತು ಅಭ್ಯಾಸ ಮಾಡಿದೆವು. ನಾನು ಕೂಟದ ಪದಾಧಿಕಾರಿಯಂತೆ ಒತ್ತಾಯಿಸಬೇಕು, ಆತ ಬೇಡ ಅನ್ನಬೇಕು. ಒತ್ತಾಯಿಸುವಾಗ ನನ್ನ ಬಾಯಲ್ಲಿ ನಮ್ಮ ಯಜಮಾನರ ಮಾತಿನ ಧಾಟಿಯೇ ಬಂದುಬಿಟ್ಟಿತು. ಆತ ಅದನ್ನು ಗುರುತಿಸಿ ನಕ್ಕರು. ಆತ ನಕ್ಕಿದ್ದನ್ನು ನಾನು ಆವರೆಗೆ ಕಂಡಿರಲಿಲ್ಲ.

ಕೂಟಕ್ಕೆ ಆತ ನೇರವಾಗಿ ಬೇಡ ಅಂದರು. ಮನೆಗೆ ಬಂದು ಯಜಮಾನರು ಬೇಸರ ಮಾಡಿಕೊಂಡರು. "ಎಷ್ಟು ಜಂಬ ನೋಡು. ನಾವಾಗಿ ಗೌರವ ಕೊಟ್ಟರೆ ಬೇಡ ಅಂತಾನೆ." ನಾನು ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ಹೋದೆ. ಅವರು ಒಳ್ಳೆಯವರು, ಹತ್ತು ಜನಕ್ಕೆ ಆಗುವವರು. ಆದರೆ ಇವತ್ತಿಗೂ ಆತನ ಬಗ್ಗೆ ಅವರ ಅಭಿಪ್ರಾಯ ಬದಲಾಗಿಲ್ಲ. ಬದಲಾಯಿಸಲು ನನಗೆ ಅಧಿಕಾರವಿಲ್ಲ. ಈ ಕೆಲಸದಲ್ಲಿ ನನ್ನನ್ನು ಎಲ್ಲಕ್ಕಿಂತ ದಣಿಸಿದ್ದು ಇಂಥ ಮೌನ.

ಬೇಸಿಗೆ ಏರಿದ ಮೇಲೆ, ಒಂದು ಬೆಳಗ್ಗೆ ಬಂದು ಕೂತ ಕೂಡಲೆ ಆತ ಹೇಳಿದರು, "ಮೊನ್ನೆ ಕೂಸು ತಾನ ನನ್ನ ಕೈ ತಗೊಂಡು ಎದಿ ಮ್ಯಾಲೆ ಇಟ್ಕೊಂತ್ರಿ. ಸದ್ದು ಬಂತು. ಆದ್ರ ಕೈ ತಗಿಲಿಲ್ಲ. ಸ್ವಲ್ಪ ಹೊತ್ತಿಗೆ ಆಕಿ ಉಸಿರಾಡೂದು ಗೊತ್ತಾತು ಕೈಯಾಗ." ಅಷ್ಟು ಹೇಳಿ, ಕಂಪನಿಯವರು ಬುರೈಮಿಯ ಕಡೆ ವರ್ಗ ಮಾಡಿದ್ದಾರೆ, ಮುಂದಿನ ತಿಂಗಳು ಹೋಗಬೇಕು ಅಂದರು. ಅಲ್ಲಿ ಯಾರನ್ನು ಕಾಣಬಹುದು ಅಂತ ವಿಚಾರಿಸಿ ಹೇಳಿದೆ. ಕೊನೆಯ ಭೇಟಿಯಲ್ಲಿ, "ಬರ್ತೀನ್ರಿ ಅಕ್ಕಾರ," ಅಂದು ಕೈಮುಗಿದು, ಪಕ್ಕದ ಕೋಣೆಗೆ ಹೋಗಿ ಡಾಕ್ಟರಿಗೂ ಹೇಳಿ ಹೋದರು. ಆಮೇಲೆ ಆತನ ಸುದ್ದಿ ನನಗೆ ಸಿಕ್ಕಿಲ್ಲ. ನಾನು ವಿಚಾರಿಸಿಯೂ ಇಲ್ಲ.

ನನ್ನ ತರಬೇತಿ ಮಳೆಯಿಲ್ಲದ ಒಂದು ಮೋಡದ ದಿನ ಮುಗಿಯಿತು. ಕೊನೆಯ ಮೌಲ್ಯಮಾಪನಕ್ಕೆ ಬಂದ ಮೇಲ್ವಿಚಾರಕಿ ಹೇಳಬೇಕಾದದ್ದನ್ನೆಲ್ಲ ಹೇಳಿ, "ಊಟ ಮಾಡಿಲ್ಲ ಅಲ್ವಾ? ಯಲ್ಲಾ, ಬನ್ನಿ," ಅಂತ ಎಬ್ಬಿಸಿದರು. ನನ್ನ ಕಾರಿನಲ್ಲೇ ಕಡಲತೀರದ ಒಂದು ಹೋಟೆಲಿಗೆ ಹೋದೆವು. ಅವರು ಮೀನು, ಅನ್ನ ತರಿಸಿಕೊಂಡರು, ನಾನು ಬೇಳೆ, ರೊಟ್ಟಿ. ಇಬ್ಬರೂ ಪೇಷಂಟುಗಳ ಮಾತೆತ್ತಲಿಲ್ಲ. ಅವರ ತಾಯಿಗೆ ಹುಷಾರಿಲ್ಲವೆಂದೂ, ವಾರವಿಡೀ ಮೂರು ಊರು ಸುತ್ತುವುದರಲ್ಲಿ ಸಾಕಾಗಿ ಹೋಗಿದೆಯೆಂದೂ ಅವತ್ತೇ ನನಗೆ ತಿಳಿದದ್ದು.

ವಾಪಸು ಬರುವಾಗ ಅವರು ಪಕ್ಕದ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದರು. ಆಸ್ಪತ್ರೆ ಹತ್ತಿರವೇ ಇತ್ತು. ನಾನು ಅಲ್ಲಿ ತಿರುಗದೆ, ತೋಟಗಳ ನಡುವಿನ ರಸ್ತೆಗೆ ಕಾರು ಬಿಟ್ಟು, ನಿಧಾನವಾಗಿ ಒಂದು ಸುತ್ತು ಹಾಕಿಕೊಂಡು ಬಂದೆ.