ಕೆಂಪು ದಾರ ಕಟ್ಟಿದ ಕಂಬಳಿ

ದಿವಂಗತ ಪ್ರಧಾನಿಯೊಬ್ಬರ ಮ್ಯೂಸಿಯಂಗೆ ನಿನ್ನೆ ಹೋಗಿದ್ದೆ. ಅವರಿಗೆ ಬಂದ ಕಾಣಿಕೆಗಳ ಕೋಣೆಯಲ್ಲಿ ಒಂದು ಕರಿ ಕಂಬಳಿ ಇತ್ತು. 'ಬಾಗಲಕೋಟೆ ಜನರ ಪ್ರೀತಿ' ಎಂದು ಚೀಟಿ ಅಂಟಿಸಿದ್ದರು. ಗಾಜಿನ ಈಚೆ ನಿಂತವಳಿಗೂ ಹುಣಸೆ ಬೀಜದ ಗಂಜಿಯ ವಾಸನೆ ಬಂದಂತಾಯಿತು.

ಕೆರೂರಿನ ನಮ್ಮ ಪಡಸಾಲೆಯಲ್ಲಿ ಅಜ್ಜ ಉಣ್ಣೆಯ ನೂಲಿಗೆ ಆ ಗಂಜಿ ಹಚ್ಚಿ ಕಂಬಳಿ ನೇಯುತ್ತಿದ್ದ. ಮುಗಿದದ್ದನ್ನು ಮಡಚಿ, ಮೂಲೆಗೆ ಬೀರಪ್ಪ ದೇವರ ಭಂಡಾರದ ಅರಿಶಿನ ಹಚ್ಚಿ, ಕೆಂಪು ದಾರ ಕಟ್ಟುತ್ತಿದ್ದ. ಆ ದಾರವನ್ನು ಹೊದೆಯುವವರೇ ಬಿಚ್ಚಬೇಕು.

ನಾನು ಚಿಕ್ಕವಳಿದ್ದಾಗ ಒಂದು ಚಳಿಗಾಲ ನೇಯ್ದದ್ದು ಅಜ್ಜಿಗೆ. ಆಕೆಗೆ ದಮ್ಮು, ಮೈಯೆಲ್ಲ ನಡುಕ. ದಾರ ಬಿಚ್ಚುವ ಮೊದಲೇ ಊರ ಹಿರಿಯರು ಬಂದರು.

"ನಾಳೆ ಬಾಗಲಕೋಟಿಗೆ ಪ್ರಧಾನಿ ಬರಾಕತ್ತಾರ. ಬೀರಪ್ಪನ ಹೆಸರಿಲೆ ಒಂದು ಕಂಬಳಿ ಕೊಡು."

ದೇವರ ಹೆಸರಿನಲ್ಲಿ ಕೇಳಿದರೆ ಅಜ್ಜ ಇಲ್ಲ ಎನ್ನುವವನಲ್ಲ. ಅಜ್ಜಿಯ ಮುಖ ನೋಡಿದ.

"ಕೊಡ್ರಿ, ದೊಡ್ಡವರು ಹೊಚ್ಕೋತಾರ," ಅಂದಳು.

"ಕುರಿ ಉಣ್ಣಿ ಕತ್ತರಿಸಿದ ಮ್ಯಾಲೆ ನಿನಗ ಇನ್ನೊಂದು ನೇಯ್ತೇನಿ," ಅಂದ ಅಜ್ಜ.

ಕುರಿಗಳ ಮೈಮೇಲೆ ಉಣ್ಣೆ ಬೆಳೆಯುವ ಮೊದಲೇ ಅಜ್ಜಿ ಹೋದಳು. ಮಣ್ಣಿಗೆ ಒಯ್ಯುವಾಗ ಹೊದಿಸಿದ್ದು ನನ್ನ ಹಾಸಿಗೆಯ ಹರಕು ಚಾದರ. ಅಜ್ಜ ಮಾತ್ರ ಸಾಯುವ ತನಕ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ: "ಆಕಿ ಕಂಬಳಿ ಪ್ರಧಾನಿ ಹೊಚ್ಕೊಂಡು ಮಲಗ್ತಾರ."

ನಿನ್ನೆ ಗಾಜಿಗೆ ಹಣೆ ಹಚ್ಚಿ ನೋಡಿದೆ. ಭಂಡಾರದ ಕಲೆ ಮಾಸಿದೆ. ಕೆಂಪು ದಾರ ಅಜ್ಜ ಕಟ್ಟಿದ ಗಂಟಿನಲ್ಲೇ ಇದೆ.