ಔಷ್ದಿ ಕುಡಿದ ಮಧ್ಯಾಹ್ನ

ನಾನು ಬಿ.ಫಾರ್ಮಾ ಸೇರಿದ ವರ್ಷ, ಶೀಳನೆರೆ ಪಕ್ಕದ ನಮ್ಮೂರಲ್ಲಿ ಆ ಓದು ಏನೆಂದು ಯಾರಿಗೂ ಗೊತ್ತಿರಲಿಲ್ಲ. ಕೇಳಿದವರಿಗೆಲ್ಲ ನಮ್ಮವ್ವ "ನಮ್ ಮಗ್ಳು ಔಷ್ದಿ ಓದ್ತಾವ್ಳೆ" ಎಂದು ಹೇಳಿಕೊಂಡು ಬಂದಿದ್ದಳು. ಮೊದಲ ಸೆಮಿಸ್ಟರಿನ ರಜೆಗೆ ಮನೆಗೆ ಹೋದರೆ ಜಗಲಿಯ ಮೇಲೆ ಮೂರು ಜನ ಕಾದು ಕೂತಿದ್ದರು. ಒಬ್ಬರ ಕೈಯಲ್ಲಿ ಎಲೆ ಮುದುರಿಕೊಂಡ ಟೊಮೆಟೊ ಗಿಡ, ಇನ್ನೊಬ್ಬರ ಕೈಯಲ್ಲಿ ಹುಳ ಕೊರೆದ ಬದನೆಕಾಯಿ. ಮೂರನೆಯ ತಾತ ಬರಿಗೈಯಲ್ಲಿ ಬಂದಿದ್ದ. ಅವನಿಗೆ ಮಂಚದ ತುಂಬ ತಿಗಣೆ.

"ಇದ್ಕೆ ಯಾವ್ ಔಷ್ದಿ ಹೊಡೀಬೇಕು ಹೇಳವ್ವ, ಅಂಗಡಿಯವ್ನು ಸುಳ್ಳೇಳ್ತಾನೆ" ಎಂದರು ಟೊಮೆಟೊದವರು. ನಾನು ಓದುವುದು ಗಿಡಕ್ಕೆ ಹೊಡೆಯುವ ಔಷಧಿಯಲ್ಲ, ಮನುಷ್ಯರು ತಗೊಳ್ಳುವ ಔಷಧಿ ಎಂದು ಬಿಡಿಸಿ ಹೇಳಿದೆ. ತಾತ ಒಂದು ಥರಾ ನೋಡಿ, "ಮನುಷ್ರು ಯಾಕವ್ವ ತಗೊಂಡಾರು, ಸಾಯಕ್ಕಾ?" ಎಂದ.

ಅವನ ತಪ್ಪೇನಿಲ್ಲ. ನಮ್ಮ ಕಡೆ ಔಷ್ದಿ ಎಂದರೆ ಬೆಳೆಗೆ ಹೊಡೆಯುವುದು. ಮನುಷ್ಯರಿಗೆ ಇರುವುದು ಮಾತ್ರೆ, ಟಾನಿಕ್ಕು, ಸೂಜಿ. ಯಾರಾದರೂ ಔಷ್ದಿ ಕುಡಿದರು ಎಂದರೆ ಅದಕ್ಕೆ ಒಂದೇ ಅರ್ಥ. ಅದು ಕಿವಿಗೆ ಬಿದ್ದರೆ ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಎದ್ದು ಓಡುತ್ತಾರೆ.

ಇದನ್ನು ನಗುತ್ತಲೇ ಹೇಳುತ್ತಿದ್ದೇನೆ. ಆದರೆ ಈ ಒಂದು ಪದದ ದೆಸೆಯಿಂದ ನನಗಿದ್ದ ಒಬ್ಬಳೇ ಗೆಳತಿಯನ್ನು ಕಳೆದುಕೊಂಡೆ. ಪದದ ದೆಸೆಯಿಂದ ಎಂದರೆ ಸುಳ್ಳಾಗುತ್ತದೆ. ನನ್ನ ಬಾಯಿಂದ ಕಳೆದುಕೊಂಡೆ. ಅವಳು ಮತ್ತೆ ಬೇಕು ಎಂದು ಇವತ್ತಿಗೂ ಅನ್ನಿಸುತ್ತದೆ. ಬೇರೆ ಯಾವುದೂ ಅಷ್ಟು ಬೇಕು ಎನ್ನಿಸುವುದಿಲ್ಲ.

ನಮ್ಮ ಕಾಲೇಜು ನಾಗಮಂಗಲದ ಕಡೆ ಇತ್ತು. ಹಾಸ್ಟೆಲಿನಲ್ಲಿ ಒಂದು ಕೋಣೆಗೆ ಇಬ್ಬರು. ನನಗೆ ಜೊತೆಯಾದವಳು ಶ್ರೀರಂಗಪಟ್ಟಣದ ಸಾಬರ ಮನೆಯ ಹುಡುಗಿ. ಅವಳ ತಂದೆ ಅಲ್ಲಿನ ರೈಲ್ವೆ ಸ್ಟೇಷನ್ನಿನ ಮುಂದೆ ಆಟೋ ಓಡಿಸುತ್ತಿದ್ದರು. ಮನೆಮಾತು ಉರ್ದು, ಬೀದಿಯ ಮಾತು ಕನ್ನಡ. ಎರಡನ್ನೂ ಅವಳು ಅನ್ನ ಸಾರಿನ ಹಾಗೆ ಕಲಸಿಕೊಂಡು ಆಡುತ್ತಿದ್ದಳು. ಪರೀಕ್ಷೆಯಲ್ಲಿ ಏನು ಬರುತ್ತದೆ ಎಂದು ಕೇಳಿದರೆ "ಕ್ಯಾಕಿ ಕಣೇ" ಎನ್ನುವಳು. ಕ್ಯಾಕಿ ಎಂದರೆ ಯಾರಿಗೆ ಗೊತ್ತು ಎಂದು. ಇನ್ನೊಂದು ದೋಸೆ ಹಾಕಿಸಿಕೊಳ್ಳೇ ಎಂದರೆ "ನಕ್ಕೋ ಕಣೇ, ಹೊಟ್ಟೆ ತುಂಬ್ತು." ಆರು ತಿಂಗಳಲ್ಲಿ ನನಗೂ ಅದು ಅಂಟಿತು. ಒಂದು ಸಲ ಮನೆಯಲ್ಲಿ ಎರಡನೇ ಮುದ್ದೆ ಹಾಕಲು ಬಂದ ಅವ್ವನಿಗೆ "ನಕ್ಕೋ" ಎಂದುಬಿಟ್ಟೆ. ಅವ್ವ ಮುದ್ದೆ ಕೈಯಲ್ಲೇ ಹಿಡಿದು ನಿಂತಳು.

ಲ್ಯಾಬಿನಲ್ಲಿ ನಾವಿಬ್ಬರೂ ಒಂದೇ ಮೇಜು. ಎಣ್ಣೆಯನ್ನೂ ನೀರನ್ನೂ ಗೋಂದಿನ ಜೊತೆ ಅರೆದು ಹಾಲಿನಂಥ ಔಷಧಿ ಮಾಡುವುದೊಂದು ಪ್ರಾಕ್ಟಿಕಲ್. ಪಿಂಗಾಣಿ ಕಲ್ಬತ್ತಿನಲ್ಲಿ ಒಂದೇ ದಿಕ್ಕಿಗೆ, ಕೈ ಬಿಡದೆ ಅರೆಯಬೇಕು. ಹದ ಕೂಡಿದಾಗ ಚಟಚಟ ಎಂದು ಸದ್ದು ಬರುತ್ತದೆ. ಅವಳ ಕೈಯಲ್ಲಿ ಪ್ರತಿ ಸಲ ಬರುತ್ತಿತ್ತು. ನನ್ನದು ಪ್ರತಿ ಸಲ ಒಡೆದು, ಎಣ್ಣೆ ಮೇಲೆ, ನೀರು ಕೆಳಗೆ.

"ಲೇ, ನೀನು ಸಿಟ್ ಮಾಡ್ಕೊಂಡು ತಿರುಗಿಸ್ತೀಯ, ಅದಕ್ಕೇ ಒಡೀತದೆ. ಅದೇನು ನಿನ್ ದುಶ್ಮನ್ನಾ? ಮೆಲ್ಲಗೆ ಮಾಡೇ" ಎಂದು ಕಲ್ಬತ್ತು ಕಸಿದುಕೊಳ್ಳುತ್ತಿದ್ದಳು. ಸರ್ ಆ ಕಡೆ ತಿರುಗಿದಾಗ ನನ್ನ ಬಾಟಲಿಯನ್ನೂ ಅವಳೇ ತುಂಬಿಸುವಳು. ಅದಕ್ಕೆ ಬದಲಾಗಿ ಅವಳ ರೆಕಾರ್ಡಿನಲ್ಲಿ ದತ್ತೂರಿ ಎಲೆಯ ಅಡ್ಡಸೀಳಿನ ಚಿತ್ರ ನಾನು ಬರೆಯಬೇಕು. ಅವಳು ಬರೆದರೆ ಎಲೆ ಹೋಗಿ ಚಪ್ಪಲಿ ಆಗುತ್ತಿತ್ತು. ನಾಲ್ಕು ವರ್ಷವೂ ಹೀಗೇ ಕಳೆಯುತ್ತದೆ ಎಂದುಕೊಂಡಿದ್ದೆ. ಕಳೆದದ್ದು ಒಂದೂವರೆ ವರ್ಷ.

ಒಂದು ಸಲ ಅವಳನ್ನು ಊರಿಗೆ ಕರೆದುಕೊಂಡು ಹೋದೆ. ನಮ್ಮವ್ವನ ಮುಂದೆ ಕೂತ ತಕ್ಷಣ ಅವಳ ಮಾತೇ ಬದಲಾಯಿತು. "ನಿಮ್ಮ ಆರೋಗ್ಯ ಹೇಗಿದೆ ಅಮ್ಮ? ನೀವೂ ನಮ್ಮ ಜೊತೆ ಊಟ ಮಾಡಬೇಕು" ಎಂದು ಪಠ್ಯಪುಸ್ತಕದ ಕನ್ನಡ. ಅವ್ವ ಒಳಗೆ ಬಂದು, "ಈ ಮಗ ರೇಡಿಯೋದಾಗೆ ವಾರ್ತೆ ಓದೋರಂಗೆ ಮಾತಾಡ್ತದಲ್ಲೇ!" ಎಂದು ಕಣ್ಣರಳಿಸಿದಳು. ಬಸ್ಸಿನಲ್ಲಿ ನಾನು ರೇಗಿಸಿದ್ದಕ್ಕೆ ಅವಳು ಹೇಳಿದಳು: "ದೊಡ್ಡೋರ ಹತ್ರ ಮರ್ಯಾದೆಯಿಂದ ಮಾತಾಡ್ಬೇಕು ಅಂತ ಅಬ್ಬಾ ಹೇಳವ್ರೆ. ನಿನ್ನತ್ರ ಯಾಕೇ? ನೀನೇನ್ ದೊಡ್ಡೋಳಾ?" ನನಗೆ ಅದು ಬಹಳ ಇಷ್ಟವಾಗಿತ್ತು.

ಎರಡನೇ ವರ್ಷದ ನಡುವೆ ನನಗೆ ಜೋರು ಕೆಮ್ಮು, ಜ್ವರ ಬಂತು. ಮೂರು ರಾತ್ರಿ ನನಗೂ ನಿದ್ದೆಯಿಲ್ಲ, ಅವಳಿಗೂ ಇಲ್ಲ. ಅವಳೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅವರು ಬರೆದ ಕೆಮ್ಮಿನ ಸಿರಪ್ಪು ತಂದು, ಕ್ಲಾಸು ತಪ್ಪಿಸಿ ಪಕ್ಕದಲ್ಲೇ ಕೂತಳು. ಊಟವಾದ ಮೇಲೆ ಒಂದು ಮುಚ್ಚಳ ಕುಡಿಸಿದಳು. ಮೂರು ದಿನದ ನಿದ್ದೆ ಒಟ್ಟಿಗೆ ಬಂದು ಮೈಮೇಲೆ ಬಿತ್ತು. ನನ್ನ ಫೋನು ಕಿಟಕಿಯಲ್ಲಿ ಚಾರ್ಜಿಗೆ ಇತ್ತು. ಅವ್ವ ಫೋನು ಮಾಡಿದಳು, ಇವಳು ಎತ್ತಿದಳು.

ಎತ್ತಿ, ಸಂಪೂರ್ಣ ಮರ್ಯಾದೆಯಿಂದ, ಒಂದಕ್ಷರ ತಪ್ಪಿಲ್ಲದೆ ಹೇಳಿದಳು: "ಅಮ್ಮ, ಅವಳು ಔಷಧಿ ಕುಡಿದು ಮಲಗಿದ್ದಾಳೆ. ಎಬ್ಬಿಸಿದರೂ ಏಳುತ್ತಿಲ್ಲ."

ನನ್ನ ಜೊತೆ ಆಡುವ ಭಾಷೆಯಲ್ಲಿ ಆಡಿದ್ದರೆ ಟಾನಿಕ್ಕು ಎನ್ನುತ್ತಿದ್ದಳು, ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮವ್ವನ ಮುಂದೆ ಟಾನಿಕ್ಕು ಎಂದರೆ ಮರ್ಯಾದೆ ಕಡಿಮೆಯಾದೀತು ಎಂದು ಒಳ್ಳೆಯ ಪದ ಹುಡುಕಿದ್ದಳು. ಆ ಕಡೆಯಿಂದ ಒಂದು ಕೂಗು ಕೇಳಿ ಫೋನು ಕಟ್ಟಾಯಿತಂತೆ. ಇವಳು ನೆಟ್‌ವರ್ಕ್ ಹೋಯಿತೆಂದು ಸುಮ್ಮನಾದಳು. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ.

ಮುಂದಿನದನ್ನು ಈಗ ನೆನೆದರೆ ನಗು ಬರುತ್ತದೆ, ಅವತ್ತು ಯಾರಿಗೂ ಬರಲಿಲ್ಲ. ಪಕ್ಕದ ಮನೆಯವರು ತರಕಾರಿ ಸಾಗಿಸುವ ಗೂಡ್ಸ್ ಗಾಡಿಯಲ್ಲಿ ಹನ್ನೊಂದು ಜನ ಹೊರಟರು. ಸಂತೆಬಾಚಹಳ್ಳಿಯಲ್ಲಿ ನನ್ನ ಸೋದರಮಾವ ಹತ್ತಿಕೊಂಡು ಹನ್ನೆರಡಾದರು. ಕಣ್ಣು ಬಿಟ್ಟಾಗ ನನಗೆ ಕೇಳಿದ್ದು ಹಾಸ್ಟೆಲ್ ಗೇಟಿನಲ್ಲಿ ನಮ್ಮವ್ವ ಎದೆ ಬಡಿದುಕೊಂಡು, ನನ್ನ ಗುಣಗಳನ್ನು ಒಂದೊಂದಾಗಿ ಎತ್ತಿ ಹಾಡಿ ಅಳುತ್ತಿದ್ದದ್ದು. ಬದುಕಿದ್ದಾಗ ಅಷ್ಟು ಗುಣ ನನ್ನಲ್ಲಿದೆ ಎಂದು ಒಂದು ದಿನವೂ ಅಂದವಳಲ್ಲ. ಕೆದರಿದ ತಲೆಯಲ್ಲಿ ಆಕಳಿಸುತ್ತಾ ಹೊರಗೆ ಬಂದೆ. ಅವ್ವ ಒಂದು ಗಳಿಗೆ ಬಿಟ್ಟ ಬಾಯಿ ಬಿಟ್ಟಂತೆ ನೋಡಿ, ಓಡಿಬಂದು ಕೆನ್ನೆಗೆ ಬಾರಿಸಿ, ತಬ್ಬಿಕೊಂಡಳು.

"ಏನೇ ಕುಡುದೆ? ಸತ್ಯ ಹೇಳು" ಎಂದ ಮಾವ.

"ಟಾನಿಕ್ಕು ಮಾವ! ಕೆಮ್ಮಿನ ಟಾನಿಕ್ಕು!"

ಬಾಟಲಿ ತಂದು ತೋರಿಸಿದೆ. ಹನ್ನೆರಡು ಜನರೂ ಮೂಸಿ ನೋಡಿದರು. ಆದರೆ ಎಷ್ಟು ಮೂಸಿದರೇನು, ಊರಲ್ಲಿ ಸುದ್ದಿ ಆಗಲೇ ಅಡುಗೆಮನೆ ಅಡುಗೆಮನೆಗೂ ಹೋಗಿ ಕೂತಿತ್ತು. ಹುಡುಗಿ ಔಷ್ದಿ ಕುಡಿದಿದ್ದಾಳೆ, ಯಾರೋ ಕೈಕೊಟ್ಟಿರಬೇಕು, ಮನೆಯವರು ಟಾನಿಕ್ಕು ಎಂದು ಮುಚ್ಚಿ ಹಾಕುತ್ತಿದ್ದಾರೆ. ಅಪ್ಪನ ಫೋನು ನಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಅಪ್ಪ ಬಯ್ಯಲಿಲ್ಲ. "ಬಟ್ಟೆ ತಗೊ, ಓಗನ. ಓದಿದ್ದು ಸಾಕು" ಎಂದ, ಅಷ್ಟೇ.

ಹಾಸ್ಟೆಲಿನ ಹುಡುಗಿಯರೆಲ್ಲ ಸುತ್ತ ನಿಂತಿದ್ದರು. ಮಾನ ಹೋಯಿತು, ಓದೂ ಹೋಯಿತು ಎಂದು ನನ್ನ ತಲೆಗೆ ಸಿಟ್ಟೇರಿತು. ಅವಳು ಮೂಲೆಯಲ್ಲಿ ದುಪಟ್ಟಾ ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಹತ್ತಿರ ಬಂದು ನನ್ನ ಅಪ್ಪನಿಗೆ ಏನೋ ಹೇಳಲು ಬಾಯಿ ತೆರೆದಳು.

ನಾನು ಅವಳನ್ನು ತಡೆದು ಅಂದೆ: "ಸಾಕು ಮುಚ್ಚೇ ಬಾಯಿ. ನೆಟ್ಟಗೆ ಕನ್ನಡ ಬರ್ದಿದ್ಮೇಲೆ ನಿಮ್ಮೋರ್ಗೆ ಯಾಕ್ ಬೇಕೇ ನಮ್ ಭಾಷೆ?"

ಅವಳು ಆಡಿದ್ದು ನೆಟ್ಟಗಿನ ಕನ್ನಡವೇ. ಸೊಟ್ಟಗಿದ್ದದ್ದು ನಮ್ಮದು. ಅದೂ ಹೋಗಲಿ, ಒಂದೂವರೆ ವರ್ಷ ಒಂದೇ ತಟ್ಟೆಯಲ್ಲಿ ಉಂಡವಳಿಗೆ "ನಿಮ್ಮೋರು" ಎಂದಿದ್ದೆ. ಆ ಪದ ನನ್ನೊಳಗೆ ಎಲ್ಲಿತ್ತೋ ನನಗೇ ಗೊತ್ತಿರಲಿಲ್ಲ. ಅವಳು ಅಳಲಿಲ್ಲ. ಒಳಗೆ ಹೋಗಿ ನನ್ನ ಬಟ್ಟೆಗಳನ್ನು ಮಡಚಿ ಬ್ಯಾಗಿಗೆ ತುಂಬಿದಳು. ಉಳಿದ ಸಿರಪ್ಪಿನ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಪೇಪರಿನಲ್ಲಿ ಸುತ್ತಿ, ಬಟ್ಟೆಯ ನಡುವೆ ಇಟ್ಟಳು.

ಹತ್ತು ದಿನದ ಮೇಲೆ ಅಪ್ಪ ಮೆತ್ತಗಾದ. ಹಾಸ್ಟೆಲು ಬೇಡ, ದಿನಾ ಮನೆಯಿಂದ ಹೋಗಿ ಬಾ ಎಂದ. ಶೀಳನೆರೆಯಿಂದ ಕೆ.ಆರ್. ಪೇಟೆಗೆ ಒಂದು ಬಸ್ಸು, ಅಲ್ಲಿಂದ ನಾಗಮಂಗಲಕ್ಕೆ ಇನ್ನೊಂದು. ಕಾಲೇಜಿಗೆ ಹೋದರೆ ನಮ್ಮ ಮೇಜಿನ ಪಕ್ಕದ ಜಾಗ ಖಾಲಿ. ಅವಳು ಬ್ಯಾಚು ಬದಲಿಸಿಕೊಂಡಿದ್ದಳು. ಎದುರಾದರೆ ಮುಖ ತಿರುಗಿಸುತ್ತಿರಲಿಲ್ಲ, ನಗುತ್ತಿದ್ದಳು. ಬೀಕರು ಕೇಳಿದರೆ ಕೊಡುತ್ತಿದ್ದಳು. ಮಾತು ಮಾತ್ರ ಇಲ್ಲ. ನಾನು ಎಷ್ಟು ಸಲ ಅವಳ ಮೇಜಿನ ತನಕ ಹೋಗಿದ್ದೇನೆ, ಎಷ್ಟು ಸಲ ಸುಮ್ಮನೆ ಅಳತೆಯ ಗಾಜು ತಗೊಂಡು ವಾಪಸು ಬಂದಿದ್ದೇನೆ! ನಾಳೆ ಹೇಳಿದರಾಯಿತು, ಪರೀಕ್ಷೆ ಮುಗಿದ ಮೇಲೆ ಹೇಳಿದರಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೇಳದೆ ಉಳಿದ ಮಾತೂ ಹೋಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಎರಡೂವರೆ ವರ್ಷ ಹೀಗೆ ಕಳೆದು ನಾವಿಬ್ಬರೂ ಪಾಸಾದೆವು.

ಈಗ ನಾನು ಪಾಂಡವಪುರದಲ್ಲಿ ಒಂದು ನರ್ಸಿಂಗ್ ಹೋಮಿನ ಔಷಧಿ ಕೌಂಟರಿನಲ್ಲಿದ್ದೇನೆ. ನನ್ನ ಸಿಟ್ಟೂ ಅಲ್ಲೇ ಇದೆ, ಚೀಟಿ ತಿರುವುಮುರುವು ಹಿಡಿದು ಬರುವವರನ್ನು ಗದರಿಸಿಯೇ ಮಾತ್ರೆ ಕೊಡುತ್ತೇನೆ. ಹೋದ ತಿಂಗಳು ಒಬ್ಬ ಸಾಬರ ಹೆಂಗಸು ಬಂದರು. ಮಗುವಿಗೆ ಎಷ್ಟು ದಿನದಿಂದ ಜ್ವರ ಎಂದು ಕೇಳಿದೆ. "ಕ್ಯಾಕಿ ಅಮ್ಮಾ, ಮೂರ್ ದಿನಾ ಆಯ್ತೇನೋ" ಎಂದರು. ಚೀಟಿಯ ಅಕ್ಷರ ಕಾಣಿಸಲಿಲ್ಲ ನನಗೆ. ಏನಂದಿರಿ ಎಂದು ಮತ್ತೆ ಕೇಳಿದೆ, ಮತ್ತೊಮ್ಮೆ ಕೇಳಿಸಿಕೊಳ್ಳಬೇಕೆಂದು. ಆ ಭಾನುವಾರವೇ ಶ್ರೀರಂಗಪಟ್ಟಣದ ಬಸ್ಸು ಹತ್ತಿದೆ. ಅವಳು ಅಲ್ಲಿ ಹೆದ್ದಾರಿ ಬದಿಯ ಒಂದು ಮೆಡಿಕಲ್ ಸ್ಟೋರಿನಲ್ಲಿದ್ದಾಳೆಂದು ಕಾಲೇಜಿನವರಿಂದ ಗೊತ್ತಾಗಿತ್ತು.

ಅಂಗಡಿಯ ಮುಂದೆ ನಾಲ್ಕೈದು ಜನರಿದ್ದರು. ನಾನು ಹಿಂದೆ ನಿಂತೆ. ಬಿಳಿ ಕೋಟು ಹಾಕಿಕೊಂಡು, ಕನ್ನಡಕ ಬಂದು, ಸ್ವಲ್ಪ ದಪ್ಪಗಾಗಿದ್ದಳು. "ಇದನ್ನು ಊಟಕ್ಕೆ ಮೊದಲು ತೆಗೆದುಕೊಳ್ಳಿ. ಇದನ್ನು ಊಟದ ನಂತರ. ನೀರು ಹೆಚ್ಚು ಕುಡಿಯಿರಿ" ಎಂದು ಒಬ್ಬರಿಗೆ ಹೇಳುತ್ತಿದ್ದಳು. ಅವರ ಹಿಂದಿದ್ದ ಪೋರನಿಗೂ ಅದೇ ಭಾಷೆ. ಪಕ್ಕದಲ್ಲಿ ಕೆಲಸ ಮಾಡುವ, ತನ್ನ ವಯಸ್ಸಿನದೇ ಹುಡುಗಿಗೂ "ಆ ಡಬ್ಬ ಕೊಡುತ್ತೀರಾ?" ಎಂದಳು. ಎಲ್ಲೂ ಒಂದು ತೊಡಕಿಲ್ಲ, ಒಂದು ಕಲಬೆರಕೆಯಿಲ್ಲ.

ನನ್ನನ್ನು ನೋಡಿ ಅವಳ ಮುಖ ಅರಳಿತು. ಅದು ಸುಳ್ಳಲ್ಲ. "ಅಯ್ಯೋ, ಬನ್ನಿ ಬನ್ನಿ! ಹೇಗಿದ್ದೀರಿ? ಅಮ್ಮ ಚೆನ್ನಾಗಿದ್ದಾರಾ?" ಎಂದಳು. ಒಳಗೆ ಸ್ಟೂಲು ಹಾಕಿ ಕೂರಿಸಿ, ಟೀ ತರಿಸಿದಳು. ಟೀ ಬರುವ ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮತ್ತೆ ಆಗುವುದಿಲ್ಲ ಎಂದು ಹೇಳಿದೆ.

"ಅವತ್ತು ನಾನು ಅಂಗ್ ಅನ್ಬಾರ್ದಾಗಿತ್ತು ಕಣೇ. ತಪ್ಪಾಯ್ತು ನಂದು. ದಿನಾ ನೆನಿಸ್ಕೊತೀನಿ."

"ಅದೆಲ್ಲ ಯಾವತ್ತೋ ಮರೆತುಹೋಯಿತು, ಬಿಡಿ" ಎಂದಳು. ಚುಚ್ಚಲು ಹೇಳಿದ್ದಲ್ಲ, ಸಮಾಧಾನ ಮಾಡಲು ಮುಂದೆ ಹೇಳಿದಳು: "ನಿಜ ಹೇಳಬೇಕೆಂದರೆ ಒಳ್ಳೆಯದೇ ಆಯಿತು. ಅಂದಿನಿಂದ ಪೇಪರು ಜೋರಾಗಿ ಓದಿ ಓದಿ ಅಭ್ಯಾಸ ಮಾಡಿದೆ. ಈಗ ಎಲ್ಲರೂ ನನ್ನ ಕನ್ನಡವನ್ನು ಹೊಗಳುತ್ತಾರೆ."

ಟೀ ಬಂತು. ಲೋಟ ಎತ್ತಿಕೊಳ್ಳುವಾಗ ಸ್ವಲ್ಪ ಚೆಲ್ಲಿತು. ಅವಳೇ ಬಟ್ಟೆ ತಂದು ಒರೆಸಿದಳು.

"ನನ್ನ ನೀವು ಅನ್ಬೇಡ ಕಣೇ" ಎಂದೆ. "ಕೈ ಮುಗೀತೀನಿ. ಒಂದೇ ಒಂದ್ ಸಲ ನೀನು ಅನ್ನು. ಬಯ್ಯಿ ಬೇಕಾದ್ರೆ."

ಅವಳು ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತಳು. ನನ್ನ ಮುಖ ನೋಡಿ ಬಾಯಿ ತೆರೆದಳು. ನಿಜವಾಗಿ ಯತ್ನಿಸಿದಳು, ನನಗೆ ಕಾಣುತ್ತಿತ್ತು. ಆಮೇಲೆ ನಾಚಿಕೊಂಡು ನಕ್ಕಳು.

"ಬರ್ತಾ ಇಲ್ಲ ಕಣ್ರೀ" ಎಂದಳು.